ಕಪ್ಪು ಕಾರಿನ ಮೈಮೇಲಿನ ಸುಳಿಗೆರೆಗಳು: ಕಾರಣ, ನಿವಾರಣೆ ಮತ್ತು ವ್ಯವಹಾರದ ಲೆಕ್ಕ

ಹೊಸ ಕಪ್ಪು ಕಾರು ಮಳಿಗೆಯಿಂದ ಹೊರಬಂದ ದಿನ ಅದರ ಬಾನೆಟ್ಟಿನಲ್ಲಿ ಎದುರಿನ ಕಟ್ಟಡದ ಕಿಟಕಿಗಳನ್ನು ಎಣಿಸಬಹುದು. ಆರೇಳು ತಿಂಗಳು ಕಳೆದ ಮೇಲೆ ಅದೇ ಕಾರನ್ನು ರಾತ್ರಿ ಪೆಟ್ರೋಲ್ ಬಂಕಿನ ದೀಪದಡಿಯಲ್ಲಿ ನಿಲ್ಲಿಸಿದರೆ, ದೀಪದ ಪ್ರತಿಬಿಂಬದ ಸುತ್ತಲೂ ಜೇಡರ ಬಲೆಯಂತಹ ಸೂಕ್ಷ್ಮ ವೃತ್ತಗಳು ಕಾಣತೊಡಗುತ್ತವೆ. ಕಾರ್ಯಾಗಾರಗಳಲ್ಲಿ ಇವುಗಳಿಗೆ ಸ್ವರ್ಲ್ ಮಾರ್ಕ್ ಎಂಬ ಹೆಸರಿದೆ; ಸುಳಿಯಂತೆ ತೋರುವುದರಿಂದ ಕನ್ನಡದಲ್ಲಿ ಸುಳಿಗೆರೆ ಎನ್ನಬಹುದು. ಮಾಲೀಕರು ಅವುಗಳನ್ನು ಕೊಳೆಯೆಂದೇ ತಿಳಿದು ಕಾರನ್ನು ವಾಟರ್ ಸರ್ವಿಸ್‌ಗೆ ಒಯ್ಯುತ್ತಾರೆ. ಅಲ್ಲಿ ಇನ್ನಷ್ಟು ತಿಕ್ಕಲಾಗುತ್ತದೆ, ಗೆರೆಗಳು ಇನ್ನಷ್ಟು ಹೆಚ್ಚುತ್ತವೆ.

ವಾಟರ್ ಸರ್ವಿಸ್ ನಡೆಸುವವರು, ಡೆಂಟಿಂಗ್ ಮತ್ತು ಪೇಂಟಿಂಗ್ ಕೆಲಸದವರು, ಹಳೆಯ ಕಾರುಗಳ ವರ್ತಕರು, ಟ್ರಾವೆಲ್ಸ್ ಮಾಲೀಕರು ಹಾಗೂ ಶಾಂಪೂ, ಪಾಲಿಶ್, ಒರೆಸುವ ಬಟ್ಟೆ ಮುಂತಾದವುಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರು ಎಲ್ಲರಿಗೂ ಈ ವಿಷಯದೊಡನೆ ನೇರ ಸಂಬಂಧವಿದೆ. ಇವರೆಲ್ಲರೂ ಮೊದಲು ಮನಗಾಣಬೇಕಾದ ಸಂಗತಿ ಒಂದೇ. ಸುಳಿಗೆರೆಯು ಬಣ್ಣದ ಮೇಲೆ ಕುಳಿತ ವಸ್ತುವಲ್ಲ, ಬಣ್ಣದಿಂದ ಹೋಗಿರುವ ಭಾಗ. ಅದನ್ನು ‘ತೆಗೆಯುವುದು’ ಎಂದರೆ ಅದರ ಸುತ್ತಲಿನ ಮೇಲ್ಮೈಯನ್ನು ಅದರ ತಳದ ಮಟ್ಟಕ್ಕೆ ಸವೆಸುವುದು ಎಂದರ್ಥ. ಆದ್ದರಿಂದ ಪ್ರತಿಯೊಂದು ಪಾಲಿಶ್ ಕೆಲಸವೂ ಗ್ರಾಹಕರ ಮೂಲಧನದಿಂದ ಹಿಂಪಡೆದ ಒಂದು ಮೊತ್ತ, ಮತ್ತು ಆ ಖಾತೆಗೆ ಮರುಜಮೆಯಿಲ್ಲ.

ಮೂಲಧನವೆಷ್ಟು?

ಈಗಿನ ಕಾರುಗಳ ಉಕ್ಕಿನ ಹಾಳೆಯ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ವಿದ್ಯುತ್ ಪ್ರವಾಹದ ನೆರವಿನಿಂದ ಲೇಪಿಸಿದ ತುಕ್ಕುನಿರೋಧಕ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣವನ್ನು ಹೊತ್ತ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಪದರಗಳೂ ಸೇರಿ ಸುಮಾರು 100ರಿಂದ 140 ಮೈಕ್ರಾನ್ ದಪ್ಪವಿರುತ್ತವೆ. ಇದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ, ಕಾರಿನ ಹೊಳಪೆಲ್ಲವೂ ಅರ್ಧ ಕೂದಲಿನಷ್ಟು ದಪ್ಪದಲ್ಲಿ ಅಡಗಿದೆಯೆಂದು ತಿಳಿಯುತ್ತದೆ. ಕಾರಿನ ಬಣ್ಣವನ್ನು ಬಿಸಿಲಿನ ಅತಿನೇರಳೆ ಕಿರಣಗಳಿಂದ ಕಾಯುವ ರಾಸಾಯನಿಕಗಳೂ ಇದೇ ಪದರದಲ್ಲಿರುತ್ತವೆ. ಪದರ ತೆಳುವಾದಂತೆ ರಕ್ಷಣೆಯೂ ಕುಗ್ಗುತ್ತದೆ. ಕೆಲವು ವರ್ಷಗಳ ಬಿಸಿಲಿನ ಬಳಿಕ ಮೇಲ್ಛಾವಣಿ ಮತ್ತು ಬಾನೆಟ್ಟಿನ ಮೇಲೆ ಹಾಲು ಚೆಲ್ಲಿದಂತಹ ಬಿಳಿ ತೇಪೆಗಳೆದ್ದು ಸಿಪ್ಪೆ ಬಿಡತೊಡಗುತ್ತದೆ. ಆ ಹಂತದಲ್ಲಿ ಯಾವ ಪಾಲಿಶೂ ಕೆಲಸಕ್ಕೆ ಬಾರದು, ಮರುಬಣ್ಣವೊಂದೇ ದಾರಿ. ಮರುಬಣ್ಣವೂ ಕಾರ್ಖಾನೆಯ ಬಣ್ಣಕ್ಕೆ ಸಮವಲ್ಲ. ಕಾರ್ಖಾನೆಯಲ್ಲಿ ಬರಿಯ ಹೊರಮೈಯನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಲಾಗುತ್ತದೆ. ರಬ್ಬರು, ಪ್ಲಾಸ್ಟಿಕ್, ತಂತಿಗಳೆಲ್ಲ ಜೋಡಣೆಯಾದ ಕಾರನ್ನು ಹಾಗೆ ಬೇಯಿಸುವಂತಿಲ್ಲವಾದ್ದರಿಂದ ಕಾರ್ಯಾಗಾರದಲ್ಲಿ 60 ಡಿಗ್ರಿಯ ಆಸುಪಾಸಿನಲ್ಲಿ ಒಣಗುವ ಬೇರೆ ಬಗೆಯ ಬಣ್ಣವನ್ನೇ ಬಳಸಬೇಕಾಗುತ್ತದೆ.

ಒಂದು ಉದಾಹರಣೆಯಿಂದ ಲೆಕ್ಕ ಸ್ಪಷ್ಟವಾಗುತ್ತದೆ. ಕ್ಲಿಯರ್ ಕೋಟ್ 40 ಮೈಕ್ರಾನ್ ಇದ್ದು, ಪ್ರತಿ ಸರ್ವಿಸ್‌ನೊಡನೆ ಉಚಿತವೆಂದು ಮಾಡುವ ಬಫಿಂಗ್ ಪ್ರತಿಸಲ 2 ಮೈಕ್ರಾನ್ ಸವೆಸುತ್ತದೆ ಎಂದಿಟ್ಟುಕೊಂಡರೆ, ವರ್ಷಕ್ಕೆ ಎರಡರಂತೆ ಐದು ವರ್ಷಗಳಲ್ಲಿ 20 ಮೈಕ್ರಾನ್ ಹೋಗಿರುತ್ತದೆ. ಗ್ರಾಹಕರು ಉಚಿತವೆಂದು ಸ್ವೀಕರಿಸಿದ್ದು ಅರ್ಧ ಮೂಲಧನವನ್ನು.

ಕಪ್ಪಿಗೇ ಏಕೆ, ವೃತ್ತವೇ ಏಕೆ?

ಬಿಳಿಯ ಕಾರಿನಲ್ಲಿ ಗೆರೆಗಳಿರುವುದಿಲ್ಲವೆಂದಲ್ಲ, ಅವು ಕಾಣುವುದಿಲ್ಲ. ಕ್ಲಿಯರ್ ಕೋಟಿನ ನಯವಾದ ಮೇಲ್ಮೈ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನ ಸುಮಾರು 4 ಶೇಕಡವನ್ನಷ್ಟೇ ಕನ್ನಡಿಯಂತೆ ಮರಳಿಸುತ್ತದೆ. ಉಳಿದದ್ದು ಕೆಳಗಿನ ಬಣ್ಣದ ಪದರಕ್ಕೆ ಇಳಿಯುತ್ತದೆ. ಬಿಳಿ ಬಣ್ಣವು ಅದರ ಬಹುಪಾಲನ್ನು ಎಲ್ಲ ದಿಕ್ಕಿಗೂ ಚದುರಿಸಿ ಹಿಂದಿರುಗಿಸುವುದರಿಂದ ಗೆರೆಯ ಸಣ್ಣ ಮಿನುಗು ಆ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಕಪ್ಪು ಬಣ್ಣವು ಬಂದ ಬೆಳಕನ್ನೆಲ್ಲ ನುಂಗುತ್ತದೆ. ಕತ್ತಲೆಯ ಕೋಣೆಯಲ್ಲಿ ಮಿಣುಕುಹುಳುವೂ ಕಾಣುವಂತೆ, ಕಪ್ಪಿನ ಮೇಲೆ ಒಂದು ಮೈಕ್ರಾನ್ ಆಳದ ಗೆರೆಯೂ ಎದ್ದು ಕಾಣುತ್ತದೆ.

ವೃತ್ತಾಕಾರದ ಬಗೆಗೆ ಈ ವ್ಯಾಪಾರದಲ್ಲಿರುವವರಲ್ಲೂ ಒಂದು ತಪ್ಪು ಕಲ್ಪನೆ ಬೇರೂರಿದೆ. ಬಟ್ಟೆಯನ್ನು ವೃತ್ತಾಕಾರದಲ್ಲಿ ಆಡಿಸಿದ್ದರಿಂದಲೇ ಗೆರೆಗಳು ವೃತ್ತಾಕಾರವಾಗಿವೆ ಎಂದು ಹಲವರು ನಂಬುತ್ತಾರೆ. ವಾಸ್ತವದಲ್ಲಿ ಗೆರೆಗಳು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿಯಾಗಿರುತ್ತವೆ. ದೀಪದ ಬೆಳಕು ಬರುವ ದಿಕ್ಕಿಗೆ ಅಡ್ಡಲಾಗಿರುವ ಗೆರೆಗಳು ಮಾತ್ರ ಕಣ್ಣಿನ ಕಡೆಗೆ ಹೊಳೆಯುವುದರಿಂದ ಪ್ರತಿಬಿಂಬದ ಸುತ್ತ ವೃತ್ತಗಳು ಮೂಡಿದಂತೆ ತೋರುತ್ತದೆ. ಅಡುಗೆಮನೆಯಲ್ಲಿ ತಿಕ್ಕಿ ತೊಳೆದ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದು ಅತ್ತಿತ್ತ ಸರಿಸಿದರೆ ವೃತ್ತವೂ ಬಲ್ಬಿನೊಡನೆಯೇ ಸರಿಯುವುದನ್ನು ಯಾರೂ ನೋಡಬಹುದು. ಹಾಗಿದ್ದರೂ ನೇರ ಸಾಲಿನಲ್ಲಿ ಒರೆಸಬೇಕೆಂಬ ಅನುಭವಿಗಳ ಸಲಹೆ ನಿರರ್ಥಕವಲ್ಲ. ಒಂದೇ ದಿಕ್ಕಿನ ಗೆರೆಗಳು ಒಂದು ಕೋನದಿಂದ ಮಾತ್ರ ಕಾಣುತ್ತವೆ, ಎಲ್ಲ ದಿಕ್ಕಿನವು ಎಲ್ಲ ಕಡೆಯಿಂದಲೂ ಕಾಣುತ್ತವೆ.

ಗೆರೆಗಳ ಮೂಲ

ರಸ್ತೆಯ ಧೂಳಿನಲ್ಲಿ ಮರಳಿನ ಅಂಶವಾದ ಕ್ವಾರ್ಟ್ಜ್ ಸದಾ ಇರುತ್ತದೆ. ಖನಿಜಗಳ ಗಡಸುತನದ ಮೋಸ್ ಮಾಪಕದಲ್ಲಿ ಅದರ ಸ್ಥಾನ 7. ಸಂಡೂರು, ಹೊಸಪೇಟೆ ಭಾಗದ ಕೆಂಪು ಧೂಳಿನಲ್ಲಿರುವ ಹೆಮಟೈಟ್ ಅದಿರು 5.5ರಿಂದ 6.5. ಇವೆರಡರ ಮುಂದೆ ಕ್ಲಿಯರ್ ಕೋಟ್ ಒಂದು ಮೃದುವಾದ ಪ್ಲಾಸ್ಟಿಕ್ ಹಾಳೆಯಷ್ಟೆ. ಧೂಳು ತಾನಾಗಿ ಕುಳಿತಾಗ ಹಾನಿಯಿಲ್ಲ. ಅದನ್ನು ಒತ್ತಿ ಎಳೆದಾಗ ಹಾನಿ.

ನಗರದ ವಸತಿ ಸಮುಚ್ಚಯಗಳಲ್ಲಿ ದಿನವೂ ಬೆಳಗಿನ ಜಾವ ನಡೆಯುವುದು ಇದೇ. ಒಬ್ಬ ಕೆಲಸಗಾರ, ಒಂದು ಬಕೆಟ್, ಒಂದು ಬಟ್ಟೆ, ಹತ್ತಾರು ಕಾರು. ಮೊದಲ ಕಾರಿನ ಚಕ್ರದ ಮಣ್ಣು ಐದನೆಯ ಕಾರಿನ ಬಾನೆಟ್ಟಿಗೆ ಬರುತ್ತದೆ. ಆತನನ್ನು ದೂರಿ ಫಲವಿಲ್ಲ. ತಿಂಗಳಿಗೆ ಕೊಡುವ ಹಣದಲ್ಲಿ ಎರಡನೆಯ ಬಕೆಟ್ಟಿಗೂ ಸಮಯಕ್ಕೂ ಅವಕಾಶವಿರುವುದಿಲ್ಲ. ಒಣ ಬಟ್ಟೆಯಿಂದ ಧೂಳು ಕೊಡವುವುದು, ಕರಗದ ಬಟ್ಟೆಸೋಪಿನ ಪುಡಿ, ನೆಲಕ್ಕೆ ಬಿದ್ದ ಬಟ್ಟೆಯನ್ನು ಜಾಡಿಸಿ ಮತ್ತೆ ಬಳಸುವುದು, ಧೂಳಿನ ಕಾರಿಗೆ ಹೊದಿಸಿದ ಮುಸುಕು ಗಾಳಿಗೆ ಉಜ್ಜುವುದು ಮುಂತಾದ ಕಾರಣಗಳೂ ಇವೆ. ಆಯುಧಪೂಜೆಯ ಮರುದಿನವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ವರ್ಷಕ್ಕೊಮ್ಮೆ ಅತ್ಯಂತ ಭಕ್ತಿಯಿಂದ ಬಾನೆಟ್ಟಿಗೆ ಬಳಿದ ವಿಭೂತಿ, ಅರಿಸಿನ, ಕುಂಕುಮಗಳನ್ನು ಮರುದಿನ ಒಣಗಿದ ಮೇಲೆ ಚಿಂದಿ ಬಟ್ಟೆಯಿಂದ ತಿಕ್ಕಿ ತೆಗೆಯುವ ರೂಢಿ ಕಪ್ಪು ಕಾರಿಗೆ ವರ್ಷದ ಅತಿ ದೊಡ್ಡ ಪೆಟ್ಟು. ಅವುಗಳನ್ನು ನೀರಿನಿಂದ ನೆನೆಯಿಸಿ ಹರಿಯಬಿಟ್ಟರೆ ಸಾಕಾಗುತ್ತದೆ.

ತೊಳೆಯುವ ಕ್ರಮ

ಲಾಭದ ದೃಷ್ಟಿಯಿಂದ ನೋಡಿದರೂ ಪಾಲಿಶ್‌ಗಿಂತ ತೊಳೆಯುವ ಕ್ರಮವೇ ಮುಖ್ಯ. ಪಾಲಿಶ್ ಗ್ರಾಹಕರು ಎರಡು ಮೂರು ವರ್ಷಕ್ಕೊಮ್ಮೆ ಬರಬೇಕಾದವರು, ತೊಳೆಸುವವರು ವಾರವಾರವೂ ಬರುವವರು.

ಕಾರನ್ನು ನೆರಳಿನಲ್ಲಿ ನಿಲ್ಲಿಸಿ ತಗಡು ತಣ್ಣಗಾಗುವವರೆಗೆ ಕಾಯಬೇಕು. ಬಿಸಿಲಿನಲ್ಲಿ ನಿಂತ ಕಪ್ಪು ಬಾನೆಟ್ಟಿನ ಮೇಲೆ ಶಾಂಪೂ ಕ್ಷಣಮಾತ್ರದಲ್ಲಿ ಒಣಗಿ ಕಲೆಯಾಗುತ್ತದೆ. ಚಕ್ರಗಳನ್ನು ಪ್ರತ್ಯೇಕ ಬಕೆಟ್ ಮತ್ತು ಬ್ರಷ್‌ನಿಂದ ಮೊದಲೇ ತೊಳೆದು ಮುಗಿಸಬೇಕು. ಅನಂತರ ಕೈ ಸೋಕಿಸದೆ ನೀರು ಹಾಯಿಸಿ ಸಡಿಲವಾದ ಮಣ್ಣನ್ನು ಇಳಿಸಬೇಕು. ನೊರೆಯನ್ನು ಹಾರಿಸಿ ಕೆಲವು ನಿಮಿಷ ನೆನೆಯಲು ಬಿಟ್ಟು ಮತ್ತೆ ತೊಳೆಯಬೇಕು. ಕೈ ತಾಗುವ ಮುನ್ನ ಎಷ್ಟು ಮಣ್ಣು ಹೋಗಿರುತ್ತದೆಯೋ ಅಷ್ಟು ಗೆರೆಗಳು ಕಡಿಮೆ. ಬಳಿಕ ಎರಡು ಬಕೆಟ್‌ಗಳು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೈಕ್ರೊಫೈಬರ್ ಕೈಗವಸಿನಿಂದ ಮೇಲ್ಛಾವಣಿಯಿಂದ ಕೆಳಮುಖವಾಗಿ, ಭಾರ ಹಾಕದೆ, ನೇರ ಸಾಲಿನಲ್ಲಿ ಒರೆಸುತ್ತ ಒಂದೊಂದು ಭಾಗವಾದ ಮೇಲೂ ಗವಸನ್ನು ಬರಿಯ ನೀರಿನಲ್ಲಿ ಜಾಲಿಸಿ, ಆಮೇಲಷ್ಟೇ ಶಾಂಪೂವಿಗೆ ಅದ್ದಬೇಕು. ಬಕೆಟ್ಟಿನ ತಳದಲ್ಲಿ ಜಾಲರಿಯಿಟ್ಟರೆ ಇಳಿದ ಮರಳು ಮೇಲಕ್ಕೇಳದು. ಬಾಗಿಲುಗಳ ಕೆಳಭಾಗ ಮತ್ತು ಹಿಂದಿನ ಬಂಪರ್ ಕೊನೆಗೆ.

ಬೋರ್‌ವೆಲ್ ನೀರು ಹಲವು ಕಡೆ ಗಡಸು. ಒಣಗಿದಾಗ ಅದರ ಸುಣ್ಣದ ಅಂಶ ಬಿಳಿಯ ಚುಕ್ಕೆಗಳಾಗಿ ಉಳಿಯುತ್ತದೆ, ಚುಕ್ಕೆಗಳನ್ನು ಉಜ್ಜಿದಾಗ ಹೊಸ ಗೆರೆಗಳು ಬೀಳುತ್ತವೆ. ಕೊನೆಯ ಸುತ್ತಿಗಾದರೂ ಆರ್‌ಒ ನೀರು ಬಳಸುವುದು ಅಥವಾ ಬ್ಲೋವರ್‌ನಿಂದ ಕೂಡಲೇ ಒಣಗಿಸುವುದು ಲೇಸು. ನೀರಿನ ಇನ್ನೊಂದು ಮುಖವೂ ಇದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶಿಸಿತು; 2025ರ ಫೆಬ್ರವರಿಯಲ್ಲಿ ಮತ್ತೆ ಅಂಥದೇ ಆದೇಶ ಹೊರಟಿತು. ಬೇಸಿಗೆಯ ಈ ಅನಿಶ್ಚಿತತೆಗೆ ಸಿದ್ಧರಾಗಿರುವವರು ತೊಳೆದು ಹರಿಸುವ ಅಗತ್ಯವಿಲ್ಲದ ದ್ರಾವಣಗಳನ್ನು ಪರಿಚಯಿಸಿಕೊಳ್ಳಬೇಕು. ಮಣ್ಣನ್ನು ಸುತ್ತುವರಿದು ಜಾರುವಂತೆ ಮಾಡುವ ಪಾಲಿಮರ್‌ಗಳಿರುವ ಈ ದ್ರಾವಣದಿಂದ ಒಂದು ಬಕೆಟ್ ನೀರಿನಲ್ಲಿ, ಹಲವಾರು ಶುದ್ಧ ಬಟ್ಟೆಗಳ ನೆರವಿನಿಂದ, ಸಾಧಾರಣ ಧೂಳಿನ ಕಾರನ್ನು ಶುಚಿಗೊಳಿಸಬಹುದು. ಕೆಸರು ಮೆತ್ತಿದ ಕಾರಿಗೆ ಮಾತ್ರ ಇದು ಸಲ್ಲದು.

ಬಟ್ಟೆಯ ವಿಷಯದಲ್ಲಿ ಉಳಿತಾಯ ಮಾಡುವುದು ದುಬಾರಿಯಾದೀತು. ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಳೆಗಳನ್ನು ಸೀಳಿ ನೇಯ್ದ ಮೈಕ್ರೊಫೈಬರ್ ಬಟ್ಟೆಯು ಧೂಳನ್ನು ಎಳೆಗಳ ನಡುವೆ ಹಿಡಿದಿಡುತ್ತದೆ. ಅದನ್ನು ಹತ್ತಿ ಬಟ್ಟೆಗಳೊಡನೆ ಒಗೆದರೆ ನೂಲಿನ ಜುಂಗು ಸೇರುತ್ತದೆ. ಬಟ್ಟೆ ಮೃದುಗೊಳಿಸುವ ದ್ರಾವಣ ಹಾಕಿದರೆ ಎಳೆಗಳು ಮುಚ್ಚಿಹೋಗುತ್ತವೆ. ಹೆಚ್ಚು ಶಾಖದಲ್ಲಿ ಒಣಗಿಸಿದರೆ ಎಳೆಗಳ ತುದಿ ಕರಗಿ ಗಟ್ಟಿಯಾಗುತ್ತದೆ. ಅಂಚಿಗೆ ಗಡುಸಾದ ನೈಲಾನ್ ಹೊಲಿಗೆ ಹಾಕಿ ಮೂಲೆಯಲ್ಲಿ ಮುದ್ರಿತ ಚೀಟಿ ಹೊಲಿಯುವ ತಯಾರಕರು, ಆ ಚೀಟಿಯೇ ಕಪ್ಪು ಬಣ್ಣವನ್ನು ಗೀರುವುದೆಂದು ಅರಿಯಬೇಕು. ಅಂಚು ಹೊಲಿಯದೆ ಕತ್ತರಿಸಿದ ಬಟ್ಟೆಯನ್ನು ಬಲ್ಲ ಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ಪಾಲಿಶ್ ಮಾಡುವ ಮುನ್ನ

ತೊಳೆದ ಕಾರಿನ ಮೇಲೆ ಬರಿಯ ಬೆರಳು ಆಡಿಸಿದಾಗ ತರಿತರಿಯಾಗಿದ್ದರೆ ಬ್ರೇಕಿನ ಕಬ್ಬಿಣದ ಕಣ, ಡಾಂಬರು, ಮರದ ಅಂಟು ಮುಂತಾದವು ಅಂಟಿಕೊಂಡಿವೆ ಎಂದು ತಿಳಿಯಬೇಕು. ಡಾಂಬರಿಗೆ ಅದರದೇ ದ್ರಾವಕ. ಕಬ್ಬಿಣದ ಕಣಕ್ಕೆ ತಾಗಿದೊಡನೆ ನೇರಳೆ ಬಣ್ಣಕ್ಕೆ ತಿರುಗುವ ದ್ರಾವಣಗಳಿವೆ. ಉಳಿದದ್ದಕ್ಕೆ ಕ್ಲೇ ಬಾರ್ ಎಂಬ ಜೇಡಿಯಂತಹ ಮುದ್ದೆಯನ್ನು ಶಾಂಪೂ ನೀರು ಹೇರಳವಾಗಿ ಸಿಂಪಡಿಸುತ್ತ ಹಗುರವಾಗಿ ಜಾರಿಸಬೇಕು. ಕೆಳಗೆ ಬಿದ್ದ ಮುದ್ದೆಯನ್ನು ಎಸೆಯಬೇಕೇ ಹೊರತು ತೊಳೆದು ಮತ್ತೆ ಬಳಸಬಾರದು. ಕ್ಲೇ ಕೂಡ ಕಪ್ಪಿನ ಮೇಲೆ ಒಂದಿಷ್ಟು ಗೆರೆ ಬಿಡುತ್ತದೆ. ಆದ್ದರಿಂದ ಪಾಲಿಶ್ ಮಾಡುವ ಉದ್ದೇಶವಿದ್ದಾಗ ಮಾತ್ರ ಇದನ್ನು ಬಳಸುವುದು ಸೂಕ್ತ.

ಮುಂದಿನದು ಅಳತೆ. ಬಣ್ಣದ ದಪ್ಪ ಅಳೆಯುವ ಮೀಟರ್ ಇಲ್ಲದೆ ಪಾಲಿಶ್ ವ್ಯವಹಾರಕ್ಕೆ ಇಳಿಯುವುದು ತಕ್ಕಡಿಯಿಲ್ಲದೆ ಕಿರಾಣಿ ಅಂಗಡಿ ತೆರೆದಂತೆ. ಪ್ರತಿ ಭಾಗದಲ್ಲೂ ನಾಲ್ಕೈದು ಕಡೆ ಅಳೆದು ಬರೆದಿಡಬೇಕು. ಸಾಧಾರಣ ಮೀಟರ್ ತೋರಿಸುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನೇ ಹೊರತು ಕ್ಲಿಯರ್ ಕೋಟಿನದನ್ನಲ್ಲ. ಪ್ಲಾಸ್ಟಿಕ್ ಬಂಪರಿನ ಮೇಲೆ ಅದು ಕೆಲಸವನ್ನೇ ಮಾಡದು. ಆದರೂ ಬಾಗಿಲು 120 ತೋರಿಸುವಾಗ ಬಾನೆಟ್ 85 ತೋರಿಸಿದರೆ ಅಲ್ಲಿ ಹಿಂದೆ ಯಾರೋ ಚೆನ್ನಾಗಿ ಸವೆಸಿದ್ದಾರೆಂದು ಅನುಮಾನಿಸಿ ಕೈ ಹಿಂತೆಗೆಯಬಹುದು. 200 ದಾಟಿದರೆ ಬಹುತೇಕ ಮರುಬಣ್ಣ, ಅದಕ್ಕೂ ಬಹಳ ಮೇಲಿದ್ದರೆ ಒಳಗೆ ಪುಟ್ಟಿ. ಹಳೆಯ ಕಾರು ಕೊಳ್ಳುವ ವರ್ತಕರಿಗೂ ಈ ಮೀಟರ್ ತನ್ನ ಬೆಲೆಯನ್ನು ಬೇಗನೆ ದುಡಿದುಕೊಡುತ್ತದೆ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಬಗೆಯ ಬಣ್ಣವಾದರೆ, ಮರೆಯ ಜಾಗದಲ್ಲಿ ಬಿಳಿಬಟ್ಟೆಗೆ ತುಸು ಪಾಲಿಶ್ ಹಚ್ಚಿ ಉಜ್ಜಿದಾಗ ಬಟ್ಟೆ ಕಪ್ಪಾಗುತ್ತದೆ. ಅಂತಹ ಕಾರಿನಲ್ಲಿ ಸವೆಯುವುದು ಬಣ್ಣವೇ.

ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಪಾಲಿಶ್‌ನಿಂದ ಹೋಗದು. ಅದನ್ನು ತೆಗೆಯಲು ಹಟ ಹಿಡಿದವರು ಸುತ್ತಲಿನ ಕ್ಲಿಯರ್ ಕೋಟನ್ನೆಲ್ಲ ಕಳೆದುಕೊಳ್ಳುತ್ತಾರೆ. ಅದರ ಅಂಚುಗಳನ್ನು ಮೃದುಗೊಳಿಸಿ ಬಿಡುವುದೇ ಜಾಣತನ.

ಯಂತ್ರ, ಪ್ಯಾಡ್ ಮತ್ತು ಕೈ

ಅನೇಕ ಕಾರ್ಯಾಗಾರಗಳಲ್ಲಿ ಒಂದೇ ಅಕ್ಷದ ಮೇಲೆ ತಿರುಗುವ ರೋಟರಿ ಬಫಿಂಗ್ ಯಂತ್ರ, ಉಣ್ಣೆಯ ಪ್ಯಾಡ್ ಮತ್ತು ಒರಟು ರಬ್ಬಿಂಗ್ ಕಾಂಪೌಂಡ್ ಈ ಮೂರೇ ಸಲಕರಣೆಗಳು. ನುರಿತ ಕೈಯಲ್ಲಿ ಅವು ಬೇಗ ಕೆಲಸ ಮಾಡುತ್ತವೆ. ನುರಿಯದ ಕೈಯಲ್ಲಿ ಒಂದೇ ಜಾಗ ಬಿಸಿಯಾಗಿ ಬಣ್ಣ ಸುಡುತ್ತದೆ, ಬಾನೆಟ್ಟಿನ ಏಣುಗಳಲ್ಲಿ ಕ್ಲಿಯರ್ ಕೋಟ್ ತೂತು ಬೀಳುತ್ತದೆ. ಎಲ್ಲವೂ ಸರಿಯಾದರೂ ಕಪ್ಪು ಕಾರನ್ನು ಬಿಸಿಲಿಗೆ ತಂದಾಗ ಬಿಲ್ಲಿನಾಕಾರದ ಮಸುಕು ಪಟ್ಟಿಗಳು ಕಾರಿನುದ್ದಕ್ಕೂ ತೇಲುತ್ತವೆ. ಇವಕ್ಕೆ ಹೊಲೊಗ್ರಾಮ್ ಎಂದು ಹೆಸರು. ಕಾರ್ಯಾಗಾರದ ಟ್ಯೂಬ್‌ಲೈಟಿನಲ್ಲಿ ಅವು ಕಾಣುವುದಿಲ್ಲ. ಗ್ರಾಹಕರು ಮನೆ ಸೇರಿದ ಮರುದಿನ ಕಾಣುತ್ತವೆ. ತಿರುಗುತ್ತಲೇ ಅಲುಗಾಡುವ ಡ್ಯುಯಲ್ ಆಕ್ಷನ್ ಯಂತ್ರ ನಿಧಾನದ್ದಾದರೂ ಹೊಸಬರ ಕೈಯಲ್ಲಿ ಸುರಕ್ಷಿತ. ರೋಟರಿ ಬಳಸಿದವರೂ ಕೊನೆಯ ಸುತ್ತನ್ನು ಇದರಲ್ಲೇ ಮಾಡುವುದು ಮೇಲು.

ರಬ್ಬರ್ ಪಟ್ಟಿ, ಪ್ಲಾಸ್ಟಿಕ್, ಲಾಂಛನ ಮತ್ತು ಏಣುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದ ಮೇಲೆ ಬಾನೆಟ್ಟಿನ ಮೇಲೆ ಒಂದೂವರೆ ಅಡಿಯ ಚೌಕವನ್ನು ಟೇಪಿನಿಂದ ಗುರುತಿಸಿ ಪರೀಕ್ಷಾ ಜಾಗವೆಂದು ಇಟ್ಟುಕೊಳ್ಳಬೇಕು. ಇಲ್ಲಿನ ನಿಯಮ ಸರಳ: ಅತಿ ಮೃದುವಾದ ಫೋಮ್ ಪ್ಯಾಡ್, ಅತಿ ನಯವಾದ ಪಾಲಿಶ್ ಇವುಗಳಿಂದಲೇ ಆರಂಭ. ಸಾಲದಿದ್ದರೆ ಮೊದಲು ಪ್ಯಾಡನ್ನು, ಆಮೇಲೆ ಪಾಲಿಶನ್ನು ಒಂದು ಹಂತ ಗಡುಸುಗೊಳಿಸಬೇಕು. ಬಣ್ಣದ ಗಡಸುತನ ತಯಾರಕರಿಂದ ತಯಾರಕರಿಗೆ ಬೇರೆ. ನಿನ್ನೆ ಒಂದು ಕಾರಿಗೆ ಒಗ್ಗಿದ ಜೋಡಿ ಇಂದಿನ ಕಾರಿಗೆ ಅತಿಯಾಗಬಹುದು. ಚೌಕದಲ್ಲಿ ತೃಪ್ತಿಕರ ಫಲ ಸಿಕ್ಕ ಮೇಲಷ್ಟೇ ಇಡೀ ಕಾರಿಗೆ ಅದೇ ಕ್ರಮ.

ಪ್ಯಾಡಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ನಾಲ್ಕೈದು ಹನಿ ಪಾಲಿಶ್ ಸಾಕು. ಕಡಿಮೆ ವೇಗದಲ್ಲಿ ಹರಡಿ, ಮಧ್ಯಮ ವೇಗಕ್ಕೆ ಏರಿಸಿ, ಪ್ರತಿ ಸಾಲು ಹಿಂದಿನದರ ಅರ್ಧವನ್ನು ಆವರಿಸುವಂತೆ, ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ, ನಾಲ್ಕರಿಂದ ಆರು ಸುತ್ತು ನಡೆಸಬೇಕು. ಕೈ ನಿಧಾನವಾಗಿ ಸಾಗಬೇಕು. ಆತುರದ ಕೈ ಯಂತ್ರವನ್ನು ಓಡಿಸುತ್ತದೆಯೇ ಹೊರತು ಕೆಲಸವನ್ನಲ್ಲ. ಡ್ಯುಯಲ್ ಆಕ್ಷನ್ ಯಂತ್ರವನ್ನು ಹೆಚ್ಚು ಒತ್ತಿದರೆ ಪ್ಯಾಡ್ ತಿರುಗುವುದನ್ನು ನಿಲ್ಲಿಸಿ ಬರಿದೆ ನಡುಗುತ್ತದೆ. ಪ್ಯಾಡಿನ ಹಿಂಬದಿಯ ತಟ್ಟೆಯ ಅಂಚಿಗೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದುಕೊಂಡರೆ ಅದು ತಿರುಗುತ್ತಿದೆಯೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ. ಪ್ರತಿ ಭಾಗ ಮುಗಿದ ಮೇಲೂ ಪ್ಯಾಡನ್ನು ಬ್ರಷ್‌ನಿಂದ ಉಜ್ಜಿ ಶುಚಿಗೊಳಿಸಬೇಕು. ಸವೆದ ಕ್ಲಿಯರ್ ಕೋಟ್ ಪ್ಯಾಡಿನಲ್ಲಿ ಕಟ್ಟಿಕೊಂಡರೆ ಅದೇ ಹೊಸ ಗೆರೆಗೆ ಕಾರಣ. ಕಾರೊಂದಕ್ಕೆ ನಾಲ್ಕಾರು ಪ್ಯಾಡ್‌ಗಳನ್ನು ಇಟ್ಟುಕೊಳ್ಳದೆ ಕಪ್ಪು ಕಾರಿನ ಕೆಲಸ ಒಪ್ಪಿಕೊಳ್ಳಬಾರದು. ಗಡುಸು ಹಂತದ ಮೇಲೆ ಉಳಿಯುವ ಮಸುಕನ್ನು ಅತಿ ಮೃದು ಪ್ಯಾಡಿನ ಕೊನೆಯ ಹಂತ ನಿವಾರಿಸುತ್ತದೆ. ಬೇರೆ ಬಣ್ಣಗಳಲ್ಲಿ ಇದನ್ನು ಬಿಟ್ಟರೂ ನಡೆದೀತು, ಕಪ್ಪಿನಲ್ಲಿ ನಡೆಯದು. ಹೀಗೆ ಒಂದು ಮಧ್ಯಮ ಗಾತ್ರದ ಕಾರಿಗೆ ಇಡೀ ಒಂದು ದಿನ ಹಿಡಿಯುತ್ತದೆ. ಎರಡು ಗಂಟೆಯ ದರದಲ್ಲಿ ಒಪ್ಪಿಕೊಂಡವರು ಎಲ್ಲಾದರೊಂದು ಕಡೆ ಕೈಬಿಡಲೇಬೇಕಾಗುತ್ತದೆ.

ಮುಚ್ಚುವುದು, ಹೊದಿಸುವುದು

ಗೆರೆಯನ್ನು ಸವೆಸದೆ ಎಣ್ಣೆ, ಮೇಣಗಳಿಂದ ತುಂಬಿ ಮರೆಮಾಡುವ ಗ್ಲೇಜ್‌ಗಳೂ ಇವೆ. ಗ್ರಾಹಕರಿಗೆ ತಿಳಿಸಿ ಮಾಡಿದರೆ ಇದು ತಪ್ಪಲ್ಲ. ತೆಳುವಾದ ಕ್ಲಿಯರ್ ಕೋಟಿಗೆ ಇದೇ ಸರಿಯಾದ ಉಪಾಯ. ತಿಳಿಸದೆ ಹಚ್ಚಿ ‘ಗೆರೆ ಹೋಯಿತು’ ಎಂದು ಹಣ ಪಡೆದರೆ ನಾಲ್ಕಾರು ತೊಳೆತಗಳಲ್ಲಿ ಗೆರೆಗಳೂ ಗ್ರಾಹಕರೂ ಹಿಂದಿರುಗುತ್ತಾರೆ. ಸ್ವಂತ ಕೆಲಸದ ಫಲವನ್ನು ತಿಳಿಯಲಿಕ್ಕೂ ಪಾಲಿಶ್ ಆದ ಭಾಗವನ್ನು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಎಣ್ಣೆಯ ಅಂಶ ತೆಗೆದು, ಒಂದೇ ಬಿಂದುವಿನಿಂದ ಬೆಳಕು ಸೂಸುವ ಎಲ್‌ಇಡಿ ದೀಪ ಹಿಡಿದು ನೋಡಬೇಕು.

ಸೆರಾಮಿಕ್ ಕೋಟಿಂಗ್‌ಗಳ ಮಾರಾಟದಲ್ಲಿ ಕೇಳಿಬರುವ ‘9 ಎಚ್ ಗಡಸುತನ’ದ ಮಾತನ್ನು ಇಲ್ಲಿ ವಿವರಿಸಬೇಕು. ವಜ್ರ 10 ಆಗಿರುವ ಮೋಸ್ ಮಾಪಕಕ್ಕೂ ಇದಕ್ಕೂ ಸಂಬಂಧವಿಲ್ಲ. ಬಣ್ಣದ ಮೇಲೆ ಸೀಸದಕಡ್ಡಿ ಎಳೆದು ನೋಡುವ ಪರೀಕ್ಷೆಯಲ್ಲಿ ಬಳಸುವ ಅತಿ ಗಡುಸಾದ ಕಡ್ಡಿಯ ದರ್ಜೆಯೇ 9 ಎಚ್. ಅಂತಹ ಲೇಪನವನ್ನೂ ರಸ್ತೆಯ ಮರಳು ಗೀರುತ್ತದೆ. ನೀರು ಜಾರುವುದು, ಕೊಳೆ ಬೇಗ ಬಿಡುವುದು, ಆ ಮೂಲಕ ಉಜ್ಜುವ ಅಗತ್ಯ ಕಡಿಮೆಯಾಗುವುದು ಅದರ ನಿಜವಾದ ಗುಣ, ಮತ್ತು ಅಷ್ಟೇ ಹೇಳಿ ಮಾರಿದರೂ ಅದು ಮಾರಾಟವಾಗುತ್ತದೆ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಸೂಕ್ತ ಪರೀಕ್ಷೆಯ ಆಧಾರವಿಲ್ಲದೆ ಬಾಳಿಕೆಯ ಖಾತರಿ ನೀಡುವುದು, ಹಳೆಯದನ್ನು ಹೊಸದೆಂಬಂತೆ ಬಿಂಬಿಸುವುದು ಮತ್ತು ಸೇವೆಗೆ ಬಿಲ್ ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿವೆ. ಪಾಲಿಶ್ ಮಳಿಗೆಗಳೂ ಹಳೆಯ ಕಾರಿನ ವರ್ತಕರೂ ಇದನ್ನು ಗಮನದಲ್ಲಿಡುವುದು ಒಳಿತು. ಲೇಪನ ಹಚ್ಚುವ ಮೊದಲು ಗೆರೆಗಳನ್ನು ನಿವಾರಿಸದಿದ್ದರೆ ಅವು ಲೇಪನದ ಕೆಳಗೆ ಭದ್ರವಾಗಿ ಉಳಿಯುತ್ತವೆ, ಮತ್ತೆ ತೆಗೆಯಬೇಕಾದರೆ ಲೇಪನವನ್ನೂ ಸವೆಸಬೇಕಾಗುತ್ತದೆ.

ಕಾರನ್ನು ಒಪ್ಪಿಸುವುದು ಹಗಲಿನಲ್ಲಿ, ಬಯಲಿನಲ್ಲಿ ಆಗಬೇಕು. ಉಳಿದಿರುವ ಆಳದ ಗೀರುಗಳನ್ನು ಗ್ರಾಹಕರಿಗೆ ಬೆರಳಿಟ್ಟು ತೋರಿಸಿ, ಅವುಗಳನ್ನು ಏಕೆ ಬಿಡಲಾಯಿತೆಂದು ತಿಳಿಸಿ, ಪಾಲಿಶ್‌ಗೆ ಮುನ್ನ ಮತ್ತು ಅನಂತರದ ಮೀಟರ್ ಅಳತೆಗಳನ್ನು ಭಾಗವಾರು ಬಿಲ್ಲಿನ ಹಿಂಬದಿಯಲ್ಲಿ ಬರೆದು ಸಹಿ ಪಡೆಯಬೇಕು. ಅದೇ ಕಾರು ಎರಡು ವರ್ಷದ ಮೇಲೆ ಬಂದಾಗ ಎಷ್ಟು ಸವೆಸಬಹುದೆಂದು ಆ ಕಾಗದವೇ ಹೇಳುತ್ತದೆ. ಅದರೊಡನೆ ಒಂದು ಶುಚಿಯಾದ ಮೈಕ್ರೊಫೈಬರ್ ಗವಸನ್ನು ಕೊಟ್ಟು ಕಳಿಸುವ ಮಳಿಗೆಗಳೂ ಇವೆ. ಅದನ್ನು ನಾಳೆ ಬೆಳಿಗ್ಗೆ ಕಾರು ಒರೆಸಲು ಬರುವವರ ಕೈಗೆ ಕೊಡಬೇಕೆಂದು ಮಾಲೀಕರಿಗೆ ತಿಳಿಹೇಳುವುದನ್ನು ಮಾತ್ರ ಮರೆಯಬಾರದು.